ಗರಾಜಿನಲ್ಲಿದ್ದ ಕಲ್ಲು

ಸೊಳ್ಳೆ ಓಡಿಸುವ ಸ್ಪ್ರೇಯ ವಾಸನೆ ನನಗೆ ಆಗುವುದಿಲ್ಲ. ಅಲರ್ಜಿ ಎಂದು ಎಲ್ಲರಿಗೂ ಹೇಳಿಕೊಂಡು ಬಂದಿದ್ದೇನೆ. ಡಾಕ್ಟರಾಗಿದ್ದವಳು ಹೇಳಿದರೆ ಯಾರೂ ಎದುರು ಪ್ರಶ್ನೆ ಕೇಳುವುದಿಲ್ಲ. ಹೋದ ವಾರ ಸೀಡರ್ ಪಾರ್ಕ್ ಎಂಬ ಊರಿನ ತನ್ನ ಮನೆಯಲ್ಲಿ ಮಗಳು ಶ್ರುತಿ ಕೂಸನ್ನು ಹಿತ್ತಲಿಗೆ ಬಿಡುವ ಮುಂಚೆ ಅದರ ಕೈಕಾಲಿಗೆ ಸ್ಪ್ರೇ ಹೊಡೆದಳು. ನಾನು ಎದ್ದು ಒಳಗೆ ಹೋಗಿ ಸಿಂಕಿನ ಮುಂದೆ ನಿಂತುಕೊಂಡೆ. ತೊಳೆಯುವ ಪಾತ್ರೆ ಒಂದೂ ಇರಲಿಲ್ಲ. ಆದರೂ ನಲ್ಲಿ ಬಿಟ್ಟುಕೊಂಡು ನಿಂತೇ ಇದ್ದೆ.

ಆ ವಾಸನೆ ನನಗೆ ಒಂದು ಸೆಪ್ಟೆಂಬರನ್ನು ತರುತ್ತದೆ. ಆ ಮಗು ಇನ್ನೂ ಹುಟ್ಟಿರದಿದ್ದ ಸೆಪ್ಟೆಂಬರ್, ಅದರ ಬೆನ್ನಿಗೇ ಬಂದ ಅಕ್ಟೋಬರ್. ಒಬ್ಬರನ್ನು ಬಿಟ್ಟರೆ ಅದನ್ನು ಯಾರಿಗೂ ಪೂರ್ತಿ ಹೇಳಿಲ್ಲ. ಹೇಳಲಾರದೆ ಅಲ್ಲ, ನನ್ನೊಳಗೇ ಹೇಳಿಕೊಂಡು ಹೇಳಿಕೊಂಡು ಸುಸ್ತಾಗಿದೆ.

ಹೂಸ್ಟನ್ನಿನ ಆಸ್ಪತ್ರೆಯೊಂದರಲ್ಲಿ ಮೂವತ್ತು ವರ್ಷ ಸೂಕ್ಷ್ಮದರ್ಶಕದ ಕೆಳಗೆ ಬೇರೆಯವರ ಗಡ್ಡೆಗಳನ್ನು ನೋಡಿ ನಾನು ರಿಟೈರ್ ಆದೆ. ನಾವು ನಗರದ ಹೊರಗಿನ ಫುಲ್‌ಶೀರ್‌ನ ಹೊಸ ಬಡಾವಣೆಗೆ ಶಿಫ್ಟ್ ಆದೆವು. ಮೊದಲ ಆರು ತಿಂಗಳು ಗಂಡ ಶ್ರೀನಿವಾಸ ಡಿಷ್‌ವಾಷರಿಗೆ ಪಾತ್ರೆ ಜೋಡಿಸುವುದರಲ್ಲಿ ತಪ್ಪು ಹುಡುಕುವುದೇ ನನ್ನ ಉದ್ಯೋಗವಾಗಿತ್ತು. "ಎಲ್ಲಾದರೂ ಹೋಗಿ ಏನಾದರೂ ಸೇವೆ ಮಾಡೇ ಮಹಾರಾಯ್ತಿ, ಪುಣ್ಯ ನನಗೆ ಬರಲಿ" ಎಂದು ಅವರು ಕೈಮುಗಿದರು. ಹಾಗೆ ನಾನು ಹೋಗಿ ಒಂದು ಸಂಸ್ಥೆಗೆ ಸೇರಿಕೊಂಡೆ.

ಸಂಸ್ಥೆ ಎಂದರೆ ದೊಡ್ಡದೇನನ್ನೂ ಊಹಿಸಿಕೊಳ್ಳಬೇಡಿ. ಆರು ಜನ. ನನ್ನನ್ನು ಬಿಟ್ಟರೆ ಎಲ್ಲರೂ ಎಂಬತ್ತರ ಆಸುಪಾಸು. ದನ, ಕುದುರೆಗಳ ಮೇವು ಮಾರುವ ಅಂಗಡಿಯ ಹಿಂದಿನ ಕೋಣೆಯಲ್ಲಿ ತಿಂಗಳಿಗೊಂದು ಸಲ ಸೇರುತ್ತಿದ್ದೆವು. ಆ ಕಡೆಗೆ ಮೊದಲು ಬಂದು ನೆಲೆಸಿ, ಹತ್ತಿ ಬೆಳೆದು, ಆಮೇಲೆ ಭತ್ತ ಬೆಳೆದ ಹನ್ನೊಂದು ಕುಟುಂಬಗಳ ನೆನಪನ್ನು ಉಳಿಸಿಕೊಳ್ಳುವುದು ಅದರ ಉದ್ದೇಶ. ಅವರು ಕಟ್ಟಿದ ಊರು ಈಗ ಹೆಚ್ಚುಕಡಿಮೆ ಇಲ್ಲ. ಒಂದು ಹಳೆಯ ಭತ್ತದ ಗೋದಾಮು, ಒಂದು ಚರ್ಚು, ಒಂದು ಸ್ಮಶಾನ, ಎರಡು ರಸ್ತೆ ಕೂಡುವಲ್ಲಿ ಓಕ್ ಮರದಡಿ ಆಳೆತ್ತರದ ಒಂದು ಬಂಡೆ. ಬಂಡೆಗೆ ಹನ್ನೊಂದು ಮನೆತನಗಳ ಹೆಸರಿದ್ದ ಕಂಚಿನ ಫಲಕವಿತ್ತು. ಆ ಊರಿನ ಗದ್ದೆಗಳ ಮೇಲೆಯೇ ನಮ್ಮಂಥವರ ಮನೆಗಳು ಎದ್ದಿದ್ದವು ಎಂಬುದನ್ನು ಉಳಿದ ಐದು ಜನರಲ್ಲಿ ಯಾರೂ ನನ್ನ ಮುಖಕ್ಕೆ ಹೇಳಲಿಲ್ಲ. ಅಷ್ಟು ಸಭ್ಯರು. ಅರವತ್ತನಾಲ್ಕಕ್ಕೆ ನಾನೇ ಕಿರಿಯಳು, ಈಮೇಲ್ ಬರೆಯಲು ಬರುತ್ತದೆ ಎಂದು ನನ್ನನ್ನು ಕಾರ್ಯದರ್ಶಿ ಮಾಡಿದರು.

ಆ ವರ್ಷದ ಬೇಸಿಗೆಗೆ ಮುಂಚೆ ಯಾರೋ ಕಂಚಿನ ಫಲಕವನ್ನು ಕಿತ್ತುಕೊಂಡು ಹೋದರು. ಗುಜರಿಗೆ ಹಾಕಿರಬೇಕು. ಬಂಡೆಯ ಮೇಲೆ ನಾಲ್ಕು ಬೋಲ್ಟು ಮಾತ್ರ ಉಳಿದವು. ಇನ್ನು ಲೋಹ ಬೇಡ, ಗ್ರಾನೈಟಿನ ಹಲಗೆಯಲ್ಲೇ ಕೆತ್ತಿಸಿ ಕೂರಿಸೋಣ ಎಂದು ತೀರ್ಮಾನವಾಯಿತು. ಹಳೆಯ ಫಲಕದ ಹೆಸರುಗಳನ್ನು ಸರಿಯಾಗಿ ಬರೆದುಕೊಡುವ ಕೆಲಸ ನನ್ನದು. ಅಧ್ಯಕ್ಷ ವಾಲ್ಟರ್ ತಮ್ಮ ಮನೆಯ ಹಳೆಯ ಬೈಬಲ್ ತಂದುಕೊಟ್ಟರು. ನಲವತ್ತು ವರ್ಷ ಸ್ಕೂಲ್ ಬಸ್ ಓಡಿಸಿದ ಮನುಷ್ಯ, ಮಾತು ಕಡಿಮೆ. ಆ ಬೈಬಲಿನ ಹಿಂದಿನ ಹಾಳೆಗಳಲ್ಲಿ ಮನೆಯ ಜನನ ಮರಣಗಳನ್ನು ಬರೆದಿಟ್ಟಿದ್ದರು. ಪ್ರತಿ ಜನನದ ಪಕ್ಕದಲ್ಲೂ ಒಂದೇ ಮಾತು: ಹ್ಯಾಟಿ ಬಂದಳು. ಬೆಳಗಿನ ಜಾವ ಹ್ಯಾಟಿ ಬಂದಳು. ನೆರೆ ಇತ್ತು, ಹ್ಯಾಟಿ ಬಂದಳು.

"ಹ್ಯಾಟಿ ಯಾರು?" ಎಂದು ಕೇಳಿದೆ.

"ಸೂಲಗಿತ್ತಿ, ಡಾಕ್. ಇಲ್ಲಿನ ಎಲ್ಲಾ ಮನೆಗಳಲ್ಲೂ ಹೆರಿಗೆ ಅವಳೇ ಮಾಡಿಸ್ತಿದ್ದದ್ದು." ವಾಲ್ಟರ್ ಟೋಪಿ ತೆಗೆದು ಮತ್ತೆ ಹಾಕಿಕೊಂಡರು. "ಕಪ್ಪು ಹೆಂಗಸು. ಗುಲಾಮಗಿರಿಯಲ್ಲಿ ಹುಟ್ಟಿ ಆಮೇಲೆ ಬಿಡುಗಡೆಯಾದವಳು."

"ಫಲಕದಲ್ಲಿ ಅವಳ ಹೆಸರು ಇತ್ತಾ?"

"ಅವಳಿಗೆ ಜಮೀನಿರಲಿಲ್ಲ. ಫಲಕದಲ್ಲಿದ್ದದ್ದು ಜಮೀನು ತಗೊಂಡವರ ಹೆಸರು."

"ನಿಮ್ಮಪ್ಪ ಯಾರ ಕೈಯಲ್ಲಿ ಹುಟ್ಟಿದ್ದು ವಾಲ್ಟರ್?"

ಅವರು ಬೈಬಲ್ ಮುಚ್ಚಿದರು. ಮುಂದಿನ ಸಭೆಯಲ್ಲಿ ನಾನು ಹನ್ನೆರಡನೆಯ ಹೆಸರು ಸೇರಿಸಬೇಕು ಎಂದಾಗ ಇಬ್ಬರು ಬೇಡ ಎಂದರು. ಅವರಲ್ಲಿ ಒಬ್ಬಾಕೆ ಹನ್ನೊಂದು ಅಂದರೆ ಹನ್ನೊಂದೇ ಎಂದು ಅದನ್ನೇ ನಾಲ್ಕು ಸಲ ಹೇಳಿದರು. ನನಗೆ ಸಿಟ್ಟು ಬಂದರೆ ಇಂಗ್ಲಿಷ್ ಬಹಳ ಚೆನ್ನಾಗಿ ಬರುತ್ತದೆ. ಆ ದಿನ ಬಂತು. ಕೊನೆಗೆ ವಾಲ್ಟರ್ ಕೈ ಎತ್ತಿದರು, ಅವರನ್ನು ನೋಡಿ ಇನ್ನಿಬ್ಬರು ಎತ್ತಿದರು. ಸಭೆ ಮುಗಿದ ಮೇಲೆ ಅವರು ನನ್ನ ಕಾರಿನವರೆಗೆ ಬಂದು, "ಅವಳ ಮನೆಯವರು ಇದ್ದಾರೆ. ಯೂಲಾ ಅಂತ. ನೀವೇ ಹೋಗಿ ಕೇಳಿ, ನನಗೆ ಮುಖವಿಲ್ಲ" ಎಂದರು.

ಮಿಸ್ ಯೂಲಾಗೆ ಆಗ ತೊಂಬತ್ತಾರು. ಸೋದರ ಸೊಸೆ ರೆನೆಯ ಜೊತೆ ಒಂದು ಸಣ್ಣ ಬಿಳಿ ಮನೆಯಲ್ಲಿದ್ದರು. ರೆನೆ ಔಷಧಿ ಅಂಗಡಿಯ ಕೌಂಟರಿನಲ್ಲಿ ಕೆಲಸ ಮಾಡುವವಳು, ಅರವತ್ತರ ಹತ್ತಿರದ ಹೆಂಗಸು. ನಾನು ಬಂದ ವಿಷಯ ಹೇಳಿದಾಗ ಮಿಸ್ ಯೂಲಾ ಕುರ್ಚಿಯಲ್ಲಿ ನೆಟ್ಟಗಾದರು.

"ಹೆಸರು ಹಾಕ್ತೀವಿ ಅಂತ ಹೇಳೋಕೆ ಬಂದ್ರಾ, ಹಾಕಬಹುದಾ ಅಂತ ಕೇಳೋಕೆ ಬಂದ್ರಾ?"

"ಕೇಳೋದಕ್ಕೆ."

"ಹಾಗಿದ್ರೆ ಕೂತ್ಕೊಳ್ಳಿ."

ಹ್ಯಾಟಿ ಅವರ ಮುತ್ತಜ್ಜಿ. ಹ್ಯಾಟಿಯ ಕೈ ಹಿಡಿದ ಕಟ್ಟಕಡೆಯ ಕೂಸು ಯೂಲಾ. ಮಾರನೆಯ ವರ್ಷವೇ ಮುದುಕಿ ತೀರಿಕೊಂಡಳಂತೆ. ಸ್ಮಶಾನದ ಹಿಂದಿನ ಇಳಿಜಾರಿನಲ್ಲಿ ಹೂತರು ಎಂದು ಗೊತ್ತು, ಎಲ್ಲಿ ಎಂದು ಗೊತ್ತಿಲ್ಲ. ಕಲ್ಲು ಇಟ್ಟಿರಲಿಲ್ಲ. ಮರದ ಹಲಗೆ ಇಟ್ಟಿದ್ದರು, ಅದು ಹೋಯಿತು. ತೊಂಬತ್ತಾರು ವರ್ಷದಲ್ಲಿ ಮುತ್ತಜ್ಜಿಯ ಹೆಸರನ್ನು ಎಲ್ಲೂ ಬರೆದದ್ದನ್ನು ತಾನು ಕಂಡಿಲ್ಲ ಎಂದರು. ಈಗ ಕಾಣುವುದೂ ಇಲ್ಲ, ಕಣ್ಣು ಮಂಜು.

"ಕೆತ್ತಿಸಿ," ಎಂದರು ನನ್ನ ಕೈ ಹಿಡಿದು. "ಬರೀ ಬಣ್ಣ ಬಳಿದು ಬಿಡಬೇಡಿ. ಅಕ್ಷರದೊಳಗೆ ನನ್ನ ಬೆರಳು ಹೋಗಬೇಕು. ನಾನು ಹೋಗೋ ಮುಂಚೆ ಒಂದು ಸಲ, ಅಷ್ಟೇ. ಆಮೇಲೆ ಬೇಕಾದರೆ ಅದನ್ನೂ ಕದ್ದುಕೊಂಡು ಹೋಗಲಿ."

ಎದ್ದು ಬರುವಾಗ ನಾನು ಅವರ ಕಾಲು ನೋಡಿದೆ. ಪಾದದ ಗಂಟು ಊದಿಕೊಂಡಿತ್ತು. ಎರಡು ವಾಕ್ಯ ಮಾತಾಡಿದರೆ ಮೂರನೆಯದಕ್ಕೆ ಉಸಿರು ಸಾಲುತ್ತಿರಲಿಲ್ಲ. ಹೃದಯ ಸೋತಿದೆ ಎಂದು ತಿಳಿಯಲು ಯಾವ ಪರೀಕ್ಷೆಯೂ ಬೇಕಿರಲಿಲ್ಲ. ವರ್ಷ ತುಂಬುವುದು ಕಷ್ಟ ಎಂದು ನನಗೆ ಅವತ್ತೇ ಗೊತ್ತಿತ್ತು. ಇದನ್ನು ನಾನು ಸ್ಪಷ್ಟವಾಗಿ ಬರೆಯಬೇಕು, ಯಾಕೆಂದರೆ ಆಮೇಲೆ ನನಗೇ ನಾನು "ಗೊತ್ತಿರಲಿಲ್ಲ" ಎಂದು ಎಷ್ಟೋ ಸಲ ಹೇಳಿಕೊಂಡಿದ್ದೇನೆ.

ಅನಾವರಣವನ್ನು ಸೆಪ್ಟೆಂಬರ್ ಕೊನೆಯ ಶನಿವಾರಕ್ಕೆ ಇಟ್ಟುಕೊಂಡೆವು. ಸೆಪ್ಟೆಂಬರ್ ಬಂದರೂ ಇಲ್ಲಿನ ಬೇಸಿಗೆ ಮುಗಿಯುವ ಸೂಚನೆಯೇ ಇರಲಿಲ್ಲ. ಬೆಳಿಗ್ಗೆ ಎಂಟಕ್ಕೇ ಬೆನ್ನು ಸುಡುವ ಬಿಸಿಲು, ಗಲ್ಫ್ ಕಡೆಯಿಂದ ಬಂದು ಸುರಿಯದೆ ನಿಂತ ಮೋಡ. ಗಂಡು ಹೆಣ್ಣು ಒಂದಕ್ಕೊಂದು ಅಂಟಿಕೊಂಡೇ ಹಾರುವ ಕರಿ ಹುಳುಗಳ ಕಾಲ ಅದು. ಕಾರಿನ ಗಾಜಿನ ಮೇಲೆಲ್ಲ ಅವು ಅಪ್ಪಚ್ಚಿಯಾಗಿ ಒಣಗಿರುತ್ತಿದ್ದವು. ನಾವು ಆರು ಜನ ಪ್ರತಿ ಶನಿವಾರ ಬಂಡೆಯ ಸುತ್ತ ಕೆಲಸಕ್ಕೆ ನಿಲ್ಲುತ್ತಿದ್ದೆವು. ಮುಟ್ಟಿದರೆ ಮೈ ಬೊಬ್ಬೆಯೇಳುವ ಬಳ್ಳಿ ಕೀಳಬೇಕು, ಕೆಂಜಿಗದ ಗೂಡುಗಳಿಗೆ ಪುಡಿ ಹಾಕಬೇಕು, ಹುಲ್ಲು ಹೊಡೆಯಬೇಕು. ಶುರು ಮಾಡುವ ಮುಂಚೆ ವಾಲ್ಟರ್ ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ತಲೆಯಿಂದ ಕಾಲಿನವರೆಗೆ ಸೊಳ್ಳೆ ಸ್ಪ್ರೇ ಹೊಡೆಯುತ್ತಿದ್ದರು. ಮನೆಗೆ ಬಂದು ಎರಡು ಸಲ ಸ್ನಾನ ಮಾಡಿದರೂ ಅನ್ನ ಕಲಸುವ ಕೈಗೆ ಆ ವಾಸನೆ ಇರುತ್ತಿತ್ತು.

ವಾಲ್ಟರ್‌ಗೆ ಇದ್ದ ಚಿಂತೆ ಒಂದೇ. ಹಿಂದೊಮ್ಮೆ ಏನೋ ಕಾರ್ಯಕ್ರಮ ಮಾಡಿದಾಗ ಸಂಸ್ಥೆಯವರೇ ಮಾತಾಡಿ, ಸಂಸ್ಥೆಯವರೇ ಚಪ್ಪಾಳೆ ತಟ್ಟಿದ್ದರಂತೆ. "ಹೆಸರು ಹಾಕಿ ಖಾಲಿ ಕುರ್ಚಿಗಳಿಗೆ ತೋರಿಸಿದರೆ ಯೂಲಾಗೆ ಅವಮಾನ" ಎಂದರು. ನಾನು ಹುಮ್ಮಸ್ಸಿನಿಂದ ನಮ್ಮ ಕಡೆಯ ಕನ್ನಡ ಮನೆಗಳ ವಾಟ್ಸಾಪ್ ಗುಂಪಿಗೆ ಸುದ್ದಿ ಹಾಕಿದೆ. ನಲವತ್ತು ಮನೆಯವರು ಬರುತ್ತೇವೆ ಎಂದರು. ಮಕ್ಕಳು ಹಾಡುತ್ತಾರೆ, ಶಾಮಿಯಾನದ ಹಾಗೆ ಟೆಂಟು, ಕುರ್ಚಿ, ಊಟ ಎಲ್ಲ ನಮ್ಮದು ಎಂದರು. ಅದರ ಮುಂದಾಳು ನಾಗವೇಣಿ. ಧಾರವಾಡದವಳು. ದಿನಾ ಒಂದು ಗಂಟೆ ದೂರದ ವುಡ್‌ಲ್ಯಾಂಡ್ಸ್‌ವರೆಗೆ ಡ್ರೈವ್ ಮಾಡಿ ಆಫೀಸು ಮುಗಿಸಿ ಬಂದು, ಆಮೇಲೆ ಊರಿನ ಎಲ್ಲರ ಮನೆಯ ಸಮಾರಂಭಗಳನ್ನೂ ಹೊತ್ತುಕೊಳ್ಳುವವಳು. ವಾಲ್ಟರ್‌ಗೆ ಹೇಳಿದಾಗ ಅವರು ಮೊದಲ ಬಾರಿಗೆ ಹಲ್ಲು ಕಾಣುವಂತೆ ನಕ್ಕರು.

ಮೂರು ವಾರ ಬಾಕಿ ಇರುವಾಗ ನಾಗವೇಣಿ ಫೋನ್ ಮಾಡಿದಳು.

"ಅಕ್ಕಾರ, ನೀವು ಇಟ್ಟಿರೋ ದಿನ ಪಕ್ಷಮಾಸ ನಡದಿರ್ತದರಿ. ಗ್ರೂಪಿನ್ಯಾಗ ಎಲ್ಲಾರೂ ಅದನ್ನ ಮಾತಾಡ್ಲಿಕ್ಕತ್ತಾರ."

"ಅಯ್ಯೋ, ಅದು ಮದುವೆ ಮುಂಜಿಗೆ ಕಣೆ. ಇದು ಅಮೆರಿಕನ್ನರ ಕಲ್ಲು."

"ನಾ ಏನ್ ನಂಬಂಗಿಲ್ರಿ. ಆದ್ರ ಸಣ್ಣ ಹುಡುಗರನ್ನ ಕರ್ಕೊಂಡ್ ಹೋಗಿ, ಸತ್ತವರ ಹೆಸರಿನ ಕಲ್ಲಿನ ಮುಂದ ಹಾಡ್ಸೋದು ಅಂದ್ರ ತಾಯಂದ್ರು ಒಪ್ಪವಲ್ರು. ನವರಾತ್ರಿ ಮುಗದ ಮ್ಯಾಲ ಇಟ್ಕೊಳ್ರಿ ಅಕ್ಕಾರ. ನೂರು ಮಂದಿ ಅಡಿಗಿ ನಾ ನಿಂತು ಮಾಡಿಸ್ತೀನಿ."

ಯೋಚಿಸುತ್ತೇನೆ ಎಂದು ಫೋನ್ ಇಟ್ಟೆ. ಗಂಡನಿಗೆ ಹೇಳಿದಾಗ ಅವರು ಪೇಪರಿನಿಂದ ತಲೆ ಎತ್ತದೆ ಅಂದರು: "ಸತ್ತವರ ಹೆಸರು ಕೆತ್ತಿಸಿ ನಿಲ್ಲಿಸ್ತಿದೀರ. ಅದಕ್ಕೆ ಪಿತೃಪಕ್ಷಕ್ಕಿಂತ ಒಳ್ಳೆ ದಿನ ಎಲ್ಲಿ ಸಿಗುತ್ತೆ ನಿಂಗೆ? ನಲವತ್ತು ಮನೆ ಬರದಿದ್ರೆ ನಾನೂ ಬರ್ತೀನಿ, ಏಳು ಜನ ಆಗೋಣ."

ಅವರು ಹೇಳಿದ್ದು ಸರಿಯಾಗಿತ್ತು. ಇಲ್ಲಿಯವರೆಗೆ ಬರೆದದ್ದನ್ನು ಓದಿದರೆ ದಿನ ಮುಂದೆ ಹೋದದ್ದು ನಾಗವೇಣಿಯಿಂದ, ಗುಂಪಿನ ತಾಯಂದಿರಿಂದ ಎನ್ನಿಸುತ್ತದೆ. ಹಾಗೆ ಅನ್ನಿಸಲಿ ಎಂದೇ ನಾನೂ ಬಹಳ ದಿನ ಕಥೆ ಕಟ್ಟಿಕೊಂಡಿದ್ದೆ. ಅವರೆಲ್ಲ ಬರದಿದ್ದರೂ ಅನಾವರಣ ಮಾಡಬಹುದಿತ್ತು. ಮಿಸ್ ಯೂಲಾಗೆ ಬೇಕಾಗಿದ್ದದ್ದು ಜನವಲ್ಲ.

ನಿಜ ಏನೆಂದರೆ ಶ್ರುತಿ ಆಗ ಆರು ತಿಂಗಳ ಬಸುರಿ. ಅದಕ್ಕೆ ಮುಂಚೆ ಎರಡು ಸಲ ಗರ್ಭ ಹೋಗಿತ್ತು. ಎರಡನೆಯದರ ರಿಪೋರ್ಟನ್ನು ನಾನೇ ಓದಿದ್ದೆ. ಅದು ನನ್ನ ಓದಿನ ವಿಷಯ, ಅದರಲ್ಲಿ ಬರೆದಿದ್ದ ಒಂದೊಂದು ಶಬ್ದದ ಅರ್ಥವೂ ನನಗೆ ಗೊತ್ತಿತ್ತು. ಯಾಕೆ ಹೀಗಾಯಿತು ಎಂಬುದು ಮಾತ್ರ ಅದರಲ್ಲಿ ಇರಲಿಲ್ಲ. ಮೂವತ್ತು ವರ್ಷ ಕಾರಣ ಹುಡುಕಿದವಳಿಗೆ ಮಗಳ ವಿಷಯದಲ್ಲಿ ಕಾರಣವೇ ಸಿಗದೆ ಹೋದಾಗ ಏನಾಗುತ್ತದೆ ಎಂದು ಹೇಳುವುದು ಕಷ್ಟ. ನಾಗವೇಣಿ "ಪಕ್ಷಮಾಸ" ಎಂದ ಕ್ಷಣ ನನಗೆ ನೆನಪಾದದ್ದು ಶ್ರುತಿ. ಬಸುರಿ ಮಗಳನ್ನು ಇಟ್ಟುಕೊಂಡು ಆ ಹದಿನೈದು ದಿನದಲ್ಲಿ ನಾನು ಹೋಗಿ ಸತ್ತವರ ಕಲ್ಲು ನಿಲ್ಲಿಸುವುದೇ? ಶುದ್ಧ ಮೂಢನಂಬಿಕೆ ಎಂದು ಗೊತ್ತು. ಬೇರೆ ಯಾರಾದರೂ ಹೇಳಿದ್ದರೆ ಅರ್ಧ ಗಂಟೆ ಉಪದೇಶ ಮಾಡುತ್ತಿದ್ದೆ. ಆದರೆ ನಾಳೆ ಏನಾದರೂ ಆದರೆ, ಆ ದಿನ ನಾನು ಮಾಡಿದ್ದು ಜೀವನಪೂರ್ತಿ ನನ್ನ ಕಣ್ಣ ಮುಂದೆ ಇರುತ್ತದೆ ಎನ್ನಿಸಿತು.

ಕಲ್ಲಿನ ಕೆಲಸದವನ ಹತ್ತಿರ ಇದ್ದದ್ದು ನನ್ನ ನಂಬರು ಮಾತ್ರ. ಮಾರನೆಯ ದಿನವೇ ಅವನು ಫೋನ್ ಮಾಡಿ, ಕಲ್ಲು ಆಗಿದೆ, ಎಲ್ಲಿಗೆ ತರಲಿ ಎಂದ. ನಮ್ಮ ಮನೆಗೆ ಎಂದೆ. ಆಮೇಲೆ ವಾಲ್ಟರ್‌ಗೆ ಫೋನ್ ಮಾಡಿ, "ಕೆತ್ತನೆ ತಡವಾಗ್ತಿದೆಯಂತೆ, ಮೂರು ವಾರ ಮುಂದೆ ಹಾಕಬೇಕಾಗುತ್ತೆ" ಎಂದೆ. ಪಿತೃಪಕ್ಷ ಎಂದರೆ ಏನು ಎಂದು ಆ ಮುದುಕರಿಗೆ ವಿವರಿಸಲು ನಾಚಿಕೆ. ಡಾಕ್ ಎಂದು ಕರೆಯುತ್ತಾರೆ, ಬುದ್ಧಿವಂತಳು ಎಂದುಕೊಂಡಿದ್ದಾರೆ.

"ಕಲ್ಲಿನ ಕೆಲಸ ಹಾಗೇ ಡಾಕ್," ಎಂದರು ವಾಲ್ಟರ್. "ಯೂಲಾಗೆ ನೀವೇ ಹೇಳಿ."

ಪಿಕಪ್ಪಿನಲ್ಲಿ ಬಂದ ಕಲ್ಲನ್ನು ಕೆಲಸದವನೂ ಅವನ ಅಣ್ಣನೂ ಇಳಿಸಿ ಗರಾಜಿನ ಗೋಡೆಗೆ ಒರಗಿಸಿದರು. ಒಂದು ಕಡೆ ಸೋನಾ ಮಸೂರಿ ಮೂಟೆ, ಇನ್ನೊಂದು ಕಡೆ ಶ್ರೀನಿವಾಸರ ಗಾಲ್ಫ್ ಬ್ಯಾಗು. ತಿಳಿಗುಲಾಬಿ ಗ್ರಾನೈಟು. ಹನ್ನೊಂದು ಮನೆತನ, ಕೆಳಗೆ ಹ್ಯಾಟಿ, ಅದರ ಕೆಳಗೆ ಸಣ್ಣದಾಗಿ ಸೂಲಗಿತ್ತಿ. ಹೇಳಿದಂತೆಯೇ ಆಳವಾಗಿ ಕೆತ್ತಿದ್ದ. ನನ್ನ ತೋರುಬೆರಳು ಅಕ್ಷರದೊಳಗೆ ಸರಾಗವಾಗಿ ಓಡಿತು. ದಿನಾ ವಾಷಿಂಗ್ ಮೆಷೀನಿಗೆ ಬಟ್ಟೆ ಹಾಕಲು ಹೋದಾಗ ಅದರ ಮುಂದೆಯೇ ಹಾದುಹೋಗಬೇಕು. ಮೂರನೆಯ ದಿನ ಒಂದು ಹಳೆಯ ಬೆಡ್‌ಶೀಟ್ ಹೊದಿಸಿದೆ.

ಮಿಸ್ ಯೂಲಾರ ಮನೆಗೆ ಹೋಗಿ ಅದೇ ಸುಳ್ಳನ್ನು ಇನ್ನೊಮ್ಮೆ ಹೇಳಿದೆ. ಒಂದು ಸುಳ್ಳು ಹೇಳಿದ ಮೇಲೆ ಎರಡನೆಯದಕ್ಕೆ ಕಷ್ಟವಾಗುವುದಿಲ್ಲ ಎನ್ನುತ್ತಾರೆ. ನನಗೆ ಆಯಿತು.

"ಕಲ್ಲಿಗೇನು ಅವಸರ ಡಾಕ್ಟರ್," ಎಂದರು. "ಅವಸರ ನನಗೆ."

"ಮೂರೇ ವಾರ ಮಿಸ್ ಯೂಲಾ."

"ಸರಿ, ಸರಿ. ಮಗಳು ಹೇಗಿದ್ದಾಳೆ? ಕೂಸು ಒದೀತಿದೆಯಾ?"

ನಾನು ಹೋದಾಗಲೆಲ್ಲ ಅವರು ಕೇಳುತ್ತಿದ್ದ ಪ್ರಶ್ನೆ ಅದು. ಒದೆಯುತ್ತಿದೆ ಎಂದೆ. ಎಡಮಗ್ಗುಲಿಗೆ ಮಲಗಲಿ, ಹೆದರಬೇಡ ಎಂದು ಹೇಳಿ ಎಂದರು. ಅದಾದ ಮೇಲೆ ಎರಡು ಸಲ ಹೋಗಿದ್ದೆ. ಎರಡು ಸಲವೂ ಕಲ್ಲು ಬಂತೇ ಎಂದು ಅವರು ಕೇಳಲಿಲ್ಲ. ಬಚಾವಾದೆ ಎಂದುಕೊಂಡೆ. ನವರಾತ್ರಿ ಬಂತು, ನಾನು ಗೊಂಬೆ ಕೂರಿಸಿದೆ, ಸಂಜೆ ಸಂಜೆ ಬಂದವರಿಗೆ ಉಸಲಿ ಕೊಟ್ಟೆ. ಇನ್ನು ಒಂದೇ ವಾರ, ಆಮೇಲೆ ಎಲ್ಲ ಸರಿಹೋಗುತ್ತದೆ ಎಂದು ಲೆಕ್ಕ ಹಾಕುತ್ತಿದ್ದೆ.

ಆಯುಧಪೂಜೆಯ ಬೆಳಿಗ್ಗೆ ವಾಲ್ಟರ್ ಫೋನ್ ಮಾಡಿದರು. ಯೂಲಾ ಮುಂಜಾನೆ ನಿದ್ದೆಯಲ್ಲೇ ಹೋದರು ಎಂದರು. ಶ್ರೀನಿವಾಸ ಗರಾಜಿನಲ್ಲಿ ಕಾರಿಗೆ ಹೂ ಏರಿಸುತ್ತಿದ್ದರು. ನಾನು ಹೋಗಿ ಮೂಟೆಯ ಮೇಲೆ ಕೂತೆ. ಬೆಡ್‌ಶೀಟ್ ಸರಿಸುವ ಧೈರ್ಯ ಬರಲಿಲ್ಲ.

ಅನಾವರಣ ಹೇಳಿದ ದಿನವೇ ಆಯಿತು. ಹಿಂದಿನ ದಿನ ತಂಪು ಗಾಳಿ ಬೀಸಿ ಆಕಾಶ ತೊಳೆದಂತಿತ್ತು. ನಲವತ್ತು ಮನೆಯವರೂ ಬಂದರು. ಮಕ್ಕಳು ಚೆನ್ನಾಗಿ ಹಾಡಿದರು. ನಾಗವೇಣಿಯ ಬಿಸಿಬೇಳೆಬಾತನ್ನು ಹನ್ನೊಂದೇ ಎಂದಿದ್ದಾಕೆ ಎರಡು ಸಲ ಹಾಕಿಸಿಕೊಂಡರು. ವಾಲ್ಟರ್ ಹನ್ನೆರಡು ಹೆಸರನ್ನೂ ಓದಿ, ಕೊನೆಯದನ್ನು ಓದುವಾಗ ಟೋಪಿ ತೆಗೆದರು. ಅಷ್ಟು ಜನ ಎಂದೂ ಅಲ್ಲಿ ಸೇರಿರಲಿಲ್ಲ ಎಂದು ಎಲ್ಲರೂ ನನ್ನನ್ನು ಹೊಗಳಿದರು. ನನಗೆ ಅವತ್ತು ಆದಷ್ಟು ಆಯಾಸ ಮೂವತ್ತು ವರ್ಷದ ಯಾವ ಡ್ಯೂಟಿಯಲ್ಲೂ ಆಗಿರಲಿಲ್ಲ. ರೆನೆ ಕರಿ ಉಡುಪಿನಲ್ಲಿ ಬಂದಿದ್ದಳು, ಹಿಂದಿನ ಸಾಲಿನಲ್ಲಿ ಕೂತು, ಊಟಕ್ಕೆ ನಿಲ್ಲದೆ ಹೋದಳು.

ಹೊಸ ವರ್ಷಕ್ಕೆ ಮುಂಚೆ ಶ್ರುತಿಗೆ ಹೆಣ್ಣುಮಗು ಹುಟ್ಟಿತು. ಏನೂ ತೊಂದರೆಯಾಗಲಿಲ್ಲ. ಅದನ್ನು ಎತ್ತಿಕೊಂಡಾಗ ನಾನು ಮಾಡಿದ್ದು ಸರಿ ಎಂದು ಒಂದು ಗಳಿಗೆ ಅನ್ನಿಸಿತು. ಅನ್ನಿಸಿದ್ದಕ್ಕೆ ನಾಚಿಕೆಯೂ ಆಯಿತು. ಇವತ್ತಿಗೂ ಆ ಎರಡರಲ್ಲಿ ಯಾವುದು ಗೆದ್ದಿದೆ ಎಂದು ನನಗೆ ಗೊತ್ತಿಲ್ಲ.

ಈ ವರ್ಷ ಏಪ್ರಿಲಿನಲ್ಲಿ ಕಲ್ಲು ತೊಳೆಯುವ ಸರದಿ ನನ್ನದು ಮತ್ತು ರೆನೆಯದು. ಮಿಸ್ ಯೂಲಾ ಹೋದ ಮೇಲೆ ಅವಳು ಸಂಸ್ಥೆಗೆ ಸೇರಿದ್ದಳು. ವಾಲ್ಟರ್ ಸೊಂಟ ಮುರಿದುಕೊಂಡು ಮಲಗಿದ್ದರು. ನಾವಿಬ್ಬರೇ, ಎರಡು ಬಕೆಟ್ಟು, ಎರಡು ಮೆತ್ತನೆಯ ಬ್ರಷ್ಷು. ಅಕ್ಷರಗಳ ಸಂದಿಯಲ್ಲಿ ಹಸಿರು ಪಾಚಿ ಕಟ್ಟಿತ್ತು. ಮೇಲಿನಿಂದ ತೊಳೆಯುತ್ತಾ ಬಂದು ಹ್ಯಾಟಿಯ ಹೆಸರಿಗೆ ಬಂದಾಗ ನನ್ನ ಕೈ ನಿಂತಿತು. ಇನ್ನು ಇದನ್ನು ಹೊತ್ತುಕೊಂಡು ತಿರುಗಲಾರೆ ಎನ್ನಿಸಿ ಎಲ್ಲವನ್ನೂ ಹೇಳಿಬಿಟ್ಟೆ. ಹದಿನೈದು ದಿನದ ವಿಷಯ, ಮಗಳ ವಿಷಯ, ಕಲ್ಲು ಆರು ವಾರ ನಮ್ಮ ಗರಾಜಿನಲ್ಲೇ ಇದ್ದದ್ದು.

ರೆನೆ ಬ್ರಷ್ ಉಜ್ಜುವುದನ್ನು ನಿಲ್ಲಿಸಲಿಲ್ಲ.

"ಗೊತ್ತಿತ್ತು," ಎಂದಳು.

"ನಿಂಗೆ?"

"ನಂಗೂ ಗೊತ್ತಿತ್ತು, ಆಂಟಿಗೂ ಗೊತ್ತಿತ್ತು. ನಿಮ್ಮ ಗಂಡ ಬಿಪಿ ಮಾತ್ರೆ ತಗೊಳ್ಳೋಕೆ ಬಂದಿದ್ರು. ಕಲ್ಲು ಯಾವಾಗ ಬರುತ್ತೆ ಸರ್ ಅಂತ ಕೇಳಿದೆ. ಬಂದಾಗಿದೆ, ನಮ್ಮ ಗರಾಜಿನಲ್ಲಿದೆ ಅಂದ್ರು. ಪಾಪ, ಅವರಿಗೇನು ಗೊತ್ತು."

ಗಂಡನಿಗೆ ನಾನು ಸುಳ್ಳಿನ ವಿಷಯ ಹೇಳಿರಲಿಲ್ಲ. ಅವರು ಕೇಳಿದ್ದಕ್ಕೆ ಉತ್ತರ ಕೊಟ್ಟು ಮಾತ್ರೆ ತಂದಿದ್ದರು.

"ನಾನು ಸಿಟ್ಟಿನಿಂದ ಮನೆಗೆ ಹೋಗಿ ಆಂಟಿಗೆ ಹೇಳಿದೆ," ರೆನೆ ಮುಂದುವರಿಸಿದಳು. "ಈಗಲೇ ಹೋಗಿ ಕೇಳ್ತೀನಿ ಅಂದೆ. ಆಂಟಿ ಬೇಡ ಅಂದಳು. ಆ ಮನೆ ಮಗಳು ಬಸುರಿ, ಏನೋ ಹೆದರಿಕೊಂಡಿದ್ದಾರೆ, ಹ್ಯಾಟಿನೂ ಬಸುರಿಯರನ್ನ ಸಮಾಧಿ ಹತ್ತಿರ ಬಿಡ್ತಿರಲಿಲ್ಲವಂತೆ ಅಂದಳು. ಕಾಯೋಣ ಅಂದಳು."

ನಾನು ಬ್ರಷ್ ಕೆಳಗಿಟ್ಟೆ. ಬಕೆಟ್ಟಿನ ಪಕ್ಕ ಹುಲ್ಲಿನ ಮೇಲೆ ಕೂತೆ. ಅನಾವರಣವನ್ನು ಮುಂದೆ ಹಾಕಿದರೂ ಆ ಕಲ್ಲನ್ನು ಮುಟ್ಟಿಸಲು ಯಾವ ಅಡ್ಡಿಯೂ ಇರಲಿಲ್ಲ. ನಿಜ ಹೇಳಿ, ಅವರನ್ನು ಕಾರಿನಲ್ಲಿ ಕರೆತಂದು ಗರಾಜಿನ ಬಾಗಿಲು ತೆಗೆದಿದ್ದರೆ ಆಗುತ್ತಿತ್ತು. ಅನಾವರಣಕ್ಕೆ ಅವರು ಕಾಯುತ್ತಿದ್ದರು, ನನ್ನ ಮಗಳಿಗೂ ಏನೂ ಆಗುತ್ತಿರಲಿಲ್ಲ. ಸುಳ್ಳು ಹೊರಗೆ ಬೀಳಬಾರದು ಎಂದು ಬೆಡ್‌ಶೀಟ್ ಹೊದಿಸಿದವಳಿಗೆ ಅದು ಹೊಳೆಯಲೇ ಇಲ್ಲ.

"ಸಿಟ್ಟು ಹೋಯ್ತಾ ನಿಂಗೆ?" ಎಂದು ಕೇಳಿದೆ.

ರೆನೆ ಬ್ರಷ್ ನೀರಿಗೆ ಅದ್ದಿ ಹಿಂಡಿದಳು.

"ನಂದು ಬಿಡಿ. ಆಂಟಿ ಒಂದು ದಿನವೂ ಸಿಟ್ಟು ಮಾಡಲಿಲ್ಲ. ಕಾರ್ಯಕ್ರಮ ಯಾವಾಗ ಬೇಕಾದ್ರೂ ಆಗಲಿ, ನನಗೆ ಮುಟ್ಟೋಕೆ ಒಂದು ನಿಮಿಷ ಸಾಕು, ಅಷ್ಟು ಡಾಕ್ಟರ್‌ಗೇ ಹೊಳೆಯುತ್ತೆ, ಅವರಾಗೇ ಬಂದು ಕರ್ಕೊಂಡು ಹೋಗ್ತಾರೆ ಅಂತಿದ್ದಳು. ಹೋಗೋ ಹಿಂದಿನ ದಿನದವರೆಗೂ ಬೆಳಿಗ್ಗೆ ಎದ್ದ ಕೂಡಲೇ ಹೊರಗೆ ಹಾಕೋ ಶೂ ತೊಡಿಸು ಅಂತ ನನ್ನ ಹತ್ತಿರ ತೊಡಿಸಿಕೊಳ್ತಿದ್ದಳು. ಕಾಲು ಊದಿ ಶೂ ಹಿಡೀತಿರಲಿಲ್ಲ, ಲೇಸ್ ಬಿಚ್ಚಿ ಹೇಗೋ ಹಾಕ್ತಿದ್ದೆ. ಸಂಜೆ ತನಕ ಬಾಗಿಲ ಹತ್ತಿರ ಕೂತಿರ್ತಿದ್ದಳು."